ಎದ್ದು ಹೋದ ಹೆರಿಗೆ ಆಸ್ಪತ್ರೆ

ನಮ್ಮ ಊರಿನಲ್ಲಿ ಸರ್ಕಾರಿ ನೌಕರರು ಕೆಲಸವಿಲ್ಲದೆ ಕೂರಬಹುದು, ಸರ್ಕಾರಿ ಕಟ್ಟಡಗಳು ಕೂರುವುದಿಲ್ಲ. ಸರ್ಕಾರದ ದುಡ್ಡಿನಲ್ಲಿ ಕಟ್ಟಿಸಿದ್ದು ಯಾವುದೇ ಇರಲಿ, ಹನ್ನೊಂದು ದಿನ ಯಾರಿಗೂ ಉಪಯೋಗಕ್ಕೆ ಬರದಿದ್ದರೆ ಎದ್ದು ಹೋಗುತ್ತದೆ. ಎಲ್ಲಿ ಬೇಕಾಗಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಹೋಗುವುದನ್ನು ಕಣ್ಣಾರೆ ಕಂಡವರಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಇಲ್ಲೊಂದು ತಗ್ಗು, ಅಲ್ಲೊಂದು ಕಟ್ಟಡ. ಯಾಕೆ ಹೀಗೆ ಎಂದು ನಾವು ಯಾರೂ ತಲೆ ಕೆಡಿಸಿಕೊಂಡವರಲ್ಲ. ಬೆಳಗಾದರೆ ಬೋರ್‌ವೆಲ್ ಬತ್ತಿ ಎದ್ದು ಯಾವ ಓಣಿಗೆ ಹೋಗಿದೆ ಎಂದು ಹುಡುಕಿಕೊಂಡು ಕೊಡ ಹಿಡಿದು ಓಡುವವರಿಗೆ ಅಷ್ಟು ಪುರುಸೊತ್ತು ಎಲ್ಲಿಯದು?

ಸಂತೆ ಮೈದಾನದ ಶೌಚಾಲಯದ ಕಥೆ ಎಲ್ಲರಿಗೂ ಗೊತ್ತು. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದರು, ಫೋಟೊ ತೆಗೆಸಿಕೊಂಡರು, ಪುರಸಭೆಯ ಅಧ್ಯಕ್ಷರು ಬೀಗ ಹಾಕಿ ಕೀಲಿ ಜೇಬಿಗಿಳಿಸಿದರು. ಹನ್ನೆರಡನೆಯ ದಿನ ಅದು ಬೀಗದ ಸಮೇತ ಹೋಗಿ ಹೆಣ್ಣುಮಕ್ಕಳ ಶಾಲೆಯ ಹಿಂದೆ ನಿಂತಿತ್ತು. ಹುಡುಗಿಯರು ಕಲ್ಲಿನಿಂದ ಬೀಗ ಒಡೆದರು. ಅಧ್ಯಕ್ಷರ ಪೆಟ್ರೋಲ್ ಬಂಕಿನ ಮುಂದೆ, ಬಸ್ಸೇ ನಿಲ್ಲದ ಜಾಗದಲ್ಲಿ ಕಟ್ಟಿದ್ದ ಬಸ್ ತಂಗುದಾಣ ಹೀಗೆಯೇ ಎದ್ದು ನಾಲ್ಕು ದಾರಿ ಕೂಡುವಲ್ಲಿಗೆ ಹೋಯಿತು. ಅಧ್ಯಕ್ಷರು ಅದನ್ನು ಬೈದುಕೊಂಡೇ ಓಡಾಡುತ್ತಿದ್ದರು. ಕಟ್ಟಡಕ್ಕೆ ನಿಯತ್ತಿಲ್ಲ ಎನ್ನುತ್ತಿದ್ದರು.

ಎಲ್ಲೂ ನಿಲ್ಲದೆ ಅಲೆಯುತ್ತಿದ್ದದ್ದು ಒಂದೇ, ಸುಸ್ವಾಗತ ಕಮಾನು. ಯಾವುದೋ ಕಾಲದಲ್ಲಿ ಯಾರೋ ದೊಡ್ಡವರು ಅರ್ಧ ಗಂಟೆಗೆಂದು ಊರಿಗೆ ಬರುವವರಿದ್ದರಂತೆ, ಅವರಿಗಾಗಿ ಬಸ್ ನಿಲ್ದಾಣದ ಹತ್ತಿರ ಕಟ್ಟಿಸಿದ್ದು. ಅವರು ಬರಲಿಲ್ಲ. ಎರಡು ದಪ್ಪ ಕಂಬ, ಮೇಲೊಂದು ಅಗಲವಾದ ಸ್ಲ್ಯಾಬು, ಅದರ ಮೇಲೆ ಗುಲಾಬಿ ಬಣ್ಣದಲ್ಲಿ ‘ಸುಸ್ವಾಗತ’. ಇದು ಯಾರಿಗೆ ಬೇಕು? ಯಾರಿಗೂ ಬೇಡ. ಹನ್ನೊಂದು ದಿನಕ್ಕೊಮ್ಮೆ ಎದ್ದು ಹೋಗುತ್ತಿತ್ತು. ಒಮ್ಮೆ ಹಳ್ಳದಲ್ಲಿ, ಒಮ್ಮೆ ಯಾರದೋ ಮೆಣಸಿನಕಾಯಿ ಕಣದಲ್ಲಿ, ಒಮ್ಮೆ ಸ್ಮಶಾನದ ಬಾಗಿಲಲ್ಲಿ ನಿಂತು ಊರವರ ಕೈಯಲ್ಲಿ ಛೀಮಾರಿ ಹಾಕಿಸಿಕೊಂಡಿತ್ತು. ನನಗೆ ಅದನ್ನು ಕಂಡರೆ ಅಯ್ಯೋ ಅನ್ನಿಸುತ್ತಿತ್ತು.

ಇವುಗಳನ್ನೆಲ್ಲ ಹುಡುಕುವುದೇ ನನ್ನ ನೌಕರಿ. ಪುರಸಭೆಯಲ್ಲಿ ಹುಡುಕು ಗುಮಾಸ್ತೆ ನಾನು, ಹೆಸರು ಫಕೀರವ್ವ. ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಯಾವುದು ಎಲ್ಲಿಂದ ಎದ್ದಿತು, ಎಲ್ಲಿ ಸಿಕ್ಕಿತು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಯಾವುದಾದರೂ ಎದ್ದಿದ್ದರೆ ನಿರ್ಗಮನ ಪತ್ರಕ್ಕೆ ಸಹಿ ಮಾಡಬೇಕು. ಮೊದಲು ಈ ಕೆಲಸ ನಮ್ಮ ಮನೆಯವರದಾಗಿತ್ತು. ಏಳು ವರ್ಷದ ಕೆಳಗೆ, ಬೇಸಿಗೆಯಲ್ಲಿ, ಕಾಣೆಯಾದ ಒಂದು ಕಿರುಸೇತುವೆಯನ್ನು ಹುಡುಕುತ್ತ ಹೋದವರು ಬಿಸಿಲು ಬಡಿದು ಹೊಲದಲ್ಲೇ ಬಿದ್ದರು. ಸೇತುವೆ ಅವರಿಂದ ನೂರು ಹೆಜ್ಜೆ ಆಚೆಗೇ ಇತ್ತು. ಅನುಕಂಪದ ಮೇಲೆ ಕೆಲಸ ನನಗೆ ಬಂತು. ಅನುಕಂಪ ಪೂರ್ತಿ ಸಿಕ್ಕಿತು, ಕೆಲಸ ಮಾತ್ರ ಹಂಗಾಮಿ. ವರ್ಷಕ್ಕೊಮ್ಮೆ ಒಂದು ದಿನ ಕೆಲಸದಿಂದ ತೆಗೆದು ಮರುದಿನ ಮತ್ತೆ ತೆಗೆದುಕೊಳ್ಳುತ್ತಾರೆ. ಆ ಒಂದು ದಿನ ನನಗೆ ಅನ್ನ ಇಳಿಯುವುದಿಲ್ಲ.

ನಮ್ಮ ಮನೆಯವರಿಗೆ ಒಂದು ಪದ್ಧತಿ ಇತ್ತು. ಯಾವ ಸರ್ಕಾರಿ ಕೆಲಸ ನಡೆದರೂ ಕಾಂಕ್ರೀಟು ಹಸಿ ಇರುವಾಗಲೇ ಹೋಗಿ, ಮೊಳಕಾಲೆತ್ತರದಲ್ಲಿ ಒಂದು ಬಳೆಚೂರು ಒತ್ತಿ ಬರುತ್ತಿದ್ದರು. ಕಟ್ಟಡ ಎಲ್ಲಿಗೇ ಹೋಗಲಿ, ಸುಣ್ಣಬಣ್ಣ ಬದಲಾಗಲಿ, ಬಳೆಚೂರು ನೋಡಿದರೆ ಇದು ನಮ್ಮದು ಎಂದು ಗೊತ್ತಾಗಬೇಕು. ಅವರು ಹೋದ ದಿನ ಓಣಿಯ ಹೆಂಗಸರು ನನ್ನ ಹಸಿರು ಬಳೆಗಳನ್ನು ಒಡೆದರು. ನಾನು ಅಳುತ್ತಲೇ ಚೂರುಗಳನ್ನೆಲ್ಲ ಆರಿಸಿ ಒಂದು ಪೌಡರ್ ಡಬ್ಬಿಗೆ ತುಂಬಿಟ್ಟೆ. ಈಗ ಅವುಗಳನ್ನೇ ಒತ್ತುತ್ತೇನೆ. ಸರ್ಕಾರ ಇದಕ್ಕೆಂದು ಬೇರೆ ಸಾಮಾನು ಕೊಡುವುದಿಲ್ಲ.

ಹೀಗಿರುವಾಗ ರಾಜಧಾನಿಯಿಂದ ಒಬ್ಬ ಸಾಹೇಬರು ಬಂದರು. ಸರ್ಕಾರದ ಖರ್ಚು ಜನರಿಗೆ ಎಷ್ಟು ತಲುಪುತ್ತದೆ ಎಂದು ಅಧ್ಯಯನ ಮಾಡುವವರಂತೆ. ನಮ್ಮ ಊರು ನೋಡಿ ಅವರ ಕಣ್ಣು ಅರಳಿತು. ಶೌಚಾಲಯಕ್ಕೆ ಮೂರು ಸುತ್ತು ಬಂದರು, ಗೋಡೆ ಮುಟ್ಟಿ ಮುಟ್ಟಿ ನೋಡಿದರು. ಒಳಗಿದ್ದ ಹುಡುಗಿ ಯಾರೋ ಅದು ಎಂದು ಕೂಗಿದಾಗ ಹೊರಗೆ ಬಂದರು.

“ಅದ್ಭುತ ಅಲ್ವೇನಮ್ಮ!” ಎಂದರು. “ಅಂದರೆ ನಿಮ್ಮೂರಲ್ಲಿ ಜಾಗ ತಪ್ಪಾದರೂ, ಯೋಜನೆ ತಪ್ಪಾದರೂ, ಖರ್ಚು ಮಾಡಿದ್ದು ವ್ಯರ್ಥ ಆಗೋದಿಲ್ಲ. ಸರಿ ತಾನೆ?”

“ಕಟ್ಟಿದ್ರ ಆಗೂದಿಲ್ರಿ,” ಎಂದೆ.

ಅವರು ‘ಆಗುವುದಿಲ್ಲ’ ಎಂದು ಬರೆದುಕೊಂಡರು. ಮೊದಲಿನ ಮಾತು ಬರೆದುಕೊಳ್ಳಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ನೋಡಿದೆ, ಸುಮ್ಮನಿದ್ದೆ. ಸಾಹೇಬರ ಬರವಣಿಗೆ ತಿದ್ದಲು ಹಂಗಾಮಿ ಗುಮಾಸ್ತೆಗೆ ಏನು ಅಧಿಕಾರ?

ಮೂರು ತಿಂಗಳಿಗೆ ಆದೇಶ ಬಂತು. ಈ ಊರು ಇಡೀ ರಾಜ್ಯಕ್ಕೇ ಮಾದರಿ. ಇಲ್ಲಿ ಯಾರನ್ನೂ ಕೇಳಬೇಕಿಲ್ಲ, ಜಾಗ ನೋಡಬೇಕಿಲ್ಲ, ಎಲ್ಲಿಯಾದರೂ ಕಟ್ಟಿ, ಅದು ತಾನಾಗಿ ಬೇಕಾದಲ್ಲಿಗೆ ಹೋಗುತ್ತದೆ. ಅನುದಾನವೂ ಎರಡರಷ್ಟಾಯಿತು. ಮೊದಲಾದರೆ ವರ್ಷಕ್ಕೊಮ್ಮೆ ಓಣಿ ಓಣಿಯವರನ್ನು ಕರೆದು, ಚುರುಮುರಿ ಚಹಾ ಕೊಟ್ಟು, ನಿಮಗೆ ಏನು ಬೇಕು ಎಂದು ಕೇಳುವ ಶಾಸ್ತ್ರವಾದರೂ ಇತ್ತು. ಅದು ನಿಂತಿತು. ಎಲ್ಲವೂ ಊರ ದಕ್ಷಿಣಕ್ಕಿದ್ದ ಅಧ್ಯಕ್ಷರ ಜಾಲಿಕಂಟಿಯ ಹೊಲದಲ್ಲೇ ಕಟ್ಟಿಸಿಕೊಂಡು, ಅಲ್ಲಿಂದಲೇ ಎದ್ದು ಹೋಗತೊಡಗಿದವು. ಗುತ್ತಿಗೆದಾರ ಅಧ್ಯಕ್ಷರ ಹೆಂಡತಿಯ ತಮ್ಮ. ಅವನು ಬುದ್ಧಿವಂತ. ಹೇಗಿದ್ದರೂ ಎದ್ದು ಹೋಗುವುದನ್ನು ಕಟ್ಟುವುದಾದರೂ ಯಾಕೆ ಎಂದು ಅವನಿಗೆ ಒಂದು ದಿನ ಹೊಳೆಯಿತು.

ಪುರಸಭೆಯ ಮುಖ್ಯಾಧಿಕಾರಿ ಹಂಪಣ್ಣನವರು ನನ್ನನ್ನು ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಯಾರು ಎದುರಿಗೆ ಕೂತರೆ ಅವರ ಮಾತು ಸರಿ ಅನ್ನಿಸುವ ಜಾತಿ.

“ಫಕೀರವ್ವಾ, ಈಜುಕೊಳ ಎದ್ದು ಹೋಗೈತಿ,” ಎಂದರು.

“ಯಾವ ಈಜುಕೊಳರೀ?”

“ಅದ, ನಮ್ಮೂರ ಈಜುಕೊಳ.”

“ನಾ ನೋಡೇ ಇಲ್ಲಲ್ರೀ ಸಾಹೇಬ್ರ.”

“ಹೆಂಗ ನೋಡ್ತಿ? ಎದ್ದು ಹೋಗೈತಲ್ಲ.”

ನಾನು ಜಾಲಿಕಂಟಿಯ ಹೊಲಕ್ಕೆ ಹೋಗಿ ನೋಡಿ ಬಂದೆ. ಎದ್ದು ಹೋದ ಕಟ್ಟಡ ಬಿಟ್ಟ ತಗ್ಗು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಅಲ್ಲಿ ತಗ್ಗೇ ಇರಲಿಲ್ಲ. ಎರಡು ಆಡು ಮೇಯುತ್ತಿದ್ದವು. ಬಂದು ಹೇಳಿದೆ. ಹಂಪಣ್ಣನವರು “ಈಜುಕೊಳ ಅಂದ್ರನ ಒಂದು ತಗ್ಗು. ತಗ್ಗು ಎದ್ದು ಹೋದ್ರ ಏನು ಉಳೀತೈತಿ? ನೆಲ ಉಳೀತೈತಿ,” ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಗುತ್ತಲೇ ನಿರ್ಗಮನ ಪತ್ರ ಮುಂದಿಟ್ಟರು, ನಗುತ್ತಲೇ ಸಹಿ ಮಾಡಿದೆ. ಕುಡಿಯಲಿಕ್ಕೇ ನೀರಿಲ್ಲದ ಊರು, ಈಜುಕೊಳ ಇಲ್ಲವೆಂದು ಯಾರು ಅಳುತ್ತಾರೆ?

ಎರಡನೆಯದು ವಾಚನಾಲಯ. ಓದುವವರು ಹೆಚ್ಚಿರುವ ಊರಿಗೆ ಹೋಗಿರಬೇಕು ಎಂದರು. ಅದಕ್ಕೂ ಸಹಿ ಮಾಡಿದೆ. ಆ ದಿನ ಹಂಪಣ್ಣನವರು ನನ್ನ ಹೆಸರಿನ ಒಂದು ಹೊಸ ಫೈಲು ತೆಗೆದು, ಇದು ನಿನ್ನ ಕಾಯಂ ಆದೇಶದ ಫೈಲು ಎಂದು ತೋರಿಸಿದರು.

ಮೂರನೆಯದು ಮೇಲುಗುಡ್ಡದ ಹೆರಿಗೆ ಆಸ್ಪತ್ರೆ.

ಮೇಲುಗುಡ್ಡ ನಮ್ಮ ಪುರಸಭೆಗೇ ಸೇರಿದ್ದು, ಆದರೆ ಒಂಬತ್ತು ಮೈಲಿ ಮೇಲಿದೆ. ಅಲ್ಲಿರುವವರು ಕಲ್ಲು ಒಡೆಯುವವರು. ಬಸ್ಸಿಲ್ಲ. ಹಿಂದಿನ ಎರಡು ವರ್ಷದಲ್ಲಿ ಇಬ್ಬರು ಬಸುರಿಯರು ಹೆರಿಗೆಗೆಂದು ಕೆಳಗೆ ಬರುವ ದಾರಿಯಲ್ಲೇ ತೀರಿಕೊಂಡಿದ್ದರು. ನನ್ನ ಮಗಳು ಪಾರವ್ವನನ್ನು ಕೊಟ್ಟಿರುವುದು ಅದೇ ಊರಿಗೆ. ಚೊಚ್ಚಲು ನನ್ನ ಮನೆಯಲ್ಲೇ ಆಯಿತು. ಈಗ ಎರಡನೆಯದಕ್ಕೆ ಆರು ತಿಂಗಳು. ಇಷ್ಟೆಲ್ಲ ಗೊತ್ತಿದ್ದೂ ನಾನು ಕೂತಿದ್ದೆ. ಹಂಪಣ್ಣನವರು ಒಂದು ಕೈಯಲ್ಲಿ ನಿರ್ಗಮನ ಪತ್ರ, ಇನ್ನೊಂದು ಕೈಯಲ್ಲಿ ಟೈಪಾದ ನನ್ನ ಕಾಯಂ ಆದೇಶ ಹಿಡಿದಿದ್ದರು. ಮೊಹರು ಒತ್ತುವುದೊಂದೇ ಬಾಕಿ. ಈ ಸಲವೂ ಪಾರವ್ವನನ್ನು ನಾನೇ ಕರೆದುಕೊಂಡು ಬಂದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರ ಮಕ್ಕಳ ಬಗ್ಗೆ ಏನೂ ಹೇಳಿಕೊಳ್ಳಲಿಲ್ಲ. ಸಹಿ ಮಾಡಿದೆ. ಆ ದಿನ ನಗು ಬರಲಿಲ್ಲ. ಮನೆಗೆ ಹೋಗುವಾಗ ಚೀಲದಲ್ಲಿದ್ದ ಪೌಡರ್ ಡಬ್ಬಿ ಸೈಕಲ್ಲಿನ ಕುಲುಕಾಟಕ್ಕೆ ಸದ್ದು ಮಾಡುತ್ತಲೇ ಇತ್ತು.

ಆಸ್ಪತ್ರೆ ಇರಲಿಲ್ಲ, ಆದರೆ ನರ್ಸು ಇದ್ದಳು. ಸಿಸ್ಟರ್ ಎಸ್ತರ್ ಎಂದು, ನಲವತ್ತರ ಹೆಂಗಸು. ಕಟ್ಟಡ ಎದ್ದು ಹೋಗಿದೆ, ಎಲ್ಲಿಗೆ ಎಂದು ತಿಳಿದ ಮೇಲೆ ನಿಮ್ಮನ್ನು ಕಳಿಸುತ್ತೇವೆ ಎಂದು ಹೇಳಿ ಅವಳನ್ನು ಪುರಸಭೆಯ ಪಡಸಾಲೆಯಲ್ಲಿ ಕೂರಿಸಿದ್ದರು. ದಿನಾ ಬಂದು ಸಹಿ ಮಾಡಿ ಸ್ವೆಟರ್ ಹೆಣೆಯುತ್ತಿದ್ದಳು. ಎರಡೂವರೆ ತಿಂಗಳಲ್ಲಿ ಇಡೀ ಕಚೇರಿಗೆ ಸ್ವೆಟರ್ ಆಗಿತ್ತು. ನಮ್ಮೂರಲ್ಲಿ ಚಳಿಗಾಲವೇ ಇಲ್ಲ. ಹಂಪಣ್ಣನವರು ಮರ್ಯಾದೆಗೆಂದು ಹಾಕಿಕೊಂಡು ಬೆವರುತ್ತಿದ್ದರು.

ಒಂದು ಬೆಳಿಗ್ಗೆ ಮೇಲುಗುಡ್ಡದ ಹಾಲಿನವನು ಸೈಕಲ್ ನಿಲ್ಲಿಸಿ ಹೇಳಿದ: “ಅಕ್ಕಾರ, ಪಾರವ್ವಕ್ಕ ಹೇಳಿ ಕಳಿಸ್ಯಾಳ. ಬಾಣಂತನಕ್ಕ ಕೆಳಗ ಬರೂದಿಲ್ಲಂತ. ಆಸ್ಪತ್ರೆನ ಮ್ಯಾಲ ಬರಾಕತ್ತೈತಲ್ಲ.”

ಆಸ್ಪತ್ರೆ ಮೇಲೆ ಬರುತ್ತದೆ ಎಂದು ಅವರಿಗೆ ಹೇಳಿದವರು ಯಾರು? ಆಮೇಲೆ ತಿಳಿಯಿತು. ನಿರ್ಗಮನ ಪತ್ರದ ಒಂದು ಪ್ರತಿ ಫಲಾನುಭವಿಗಳಿಗೂ ಹೋಗಬೇಕು ಎಂದು ನಿಯಮವಿತ್ತು. ನಮ್ಮ ಕಚೇರಿಯಲ್ಲಿ ಯಾವ ನಿಯಮವನ್ನೂ ಯಾರೂ ಪಾಲಿಸುತ್ತಿರಲಿಲ್ಲ, ಆದರೆ ಇದೊಂದನ್ನು ಯಾವನೋ ಪಾಪಿ ಪಾಲಿಸಿದ್ದ. ಮೇಲುಗುಡ್ಡದ ಮೇಷ್ಟ್ರು ಅದನ್ನು ಊರ ಮುಂದೆ ಓದಿದ್ದರು. ಹೆರಿಗೆ ಆಸ್ಪತ್ರೆ ಕಟ್ಟಿದ ಜಾಗದಿಂದ ಎದ್ದು ಹೊರಟಿದೆ. ಹೊರಟದ್ದನ್ನು ಖುದ್ದಾಗಿ ಪರಿಶೀಲಿಸಿದವರು ಫಕೀರವ್ವ.

ಪಾರವ್ವನಿಗೆ ಇನ್ನು ಹತ್ತು ಹದಿನೈದು ದಿನವಿತ್ತು. ನಾನು ಪಡಸಾಲೆಗೆ ಹೋಗಿ ಎಸ್ತರ್ ಪಕ್ಕದಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ. ಅವಳು ಹೆಣೆಯುವುದನ್ನು ನಿಲ್ಲಿಸಿದಳು.

“ಹಂಗಾರ ಆ ಆಸ್ಪತ್ರೆನ ಇಲ್ಲೇನ್ರೀ?”

“ಇಲ್ಲ.”

“ನಾ ಎರಡೂವರೆ ತಿಂಗಳಿಂದ ಯಾವುದರ ದಾರಿ ಕಾಯಾಕತ್ತೀನಿ ಹಂಗಾರ?”

ಅವಳು ಉಲ್ಲನ್ ಉಂಡೆಯನ್ನು ನನ್ನ ಮಡಿಲಿಗೆ ಎಸೆದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಔಷಧಿ ಚೀಲವಿತ್ತು. ಮೇಲೆ ಹೋಗಲು ನಿಮಗೆ ಆರ್ಡರ್ ಇಲ್ಲ ಎಂದೆ. “ಕುಂಡ್ರಾಕೂ ನನಗ ಆರ್ಡರ್ ಇರಲಿಲ್ರಿ. ಏಳ್ರಿ ಮ್ಯಾಲ,” ಎಂದಳು.

ಕಲ್ಲು ತರಲು ಹೊರಟಿದ್ದ ಖಾಲಿ ಟ್ರ್ಯಾಕ್ಟರ್ ಹತ್ತಿ ಮೇಲುಗುಡ್ಡ ತಲುಪಿದಾಗ ಹನ್ನೊಂದು ಗಂಟೆ. ಊರ ಬಾಯಲ್ಲೇ ಕಂಡಿತು. ಒಂದು ಕಟ್ಟಡ ಕೂರುವಷ್ಟು ನೆಲವನ್ನು ಕಲ್ಲು ಮುಳ್ಳು ಆರಿಸಿ ಹಸನು ಮಾಡಿ, ಸಗಣಿಯಿಂದ ಸಾರಿಸಿದ್ದರು. ನಾಲ್ಕು ಮೂಲೆಗೆ ನಾಲ್ಕು ಗುರುತಿನ ಕಲ್ಲು. ಬಾಗಿಲು ಬರಬೇಕಾದ ಕಡೆ ರಂಗೋಲಿ. ಬಾಗಿಲು ಮೂಡಣಕ್ಕೋ ಬಡಗಣಕ್ಕೋ ಎಂದು ಇಬ್ಬರು ಮುದುಕಿಯರು ಜಗಳವಾಡುತ್ತಿದ್ದರು. ರಂಗೋಲಿಯ ಪಕ್ಕ ಒಂದು ಕೊಡ ನೀರು.

ನನ್ನ ಬೀಗತಿ ಕಲ್ಲವ್ವ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ಬಂದಳು. ಕಲ್ಲು ಒಡೆದು ಒಡೆದು ಗಟ್ಟಿಯಾದ ಹೆಂಗಸು, ಮಾತೂ ಹಾಗೆಯೇ. ಆ ದಿನ ಮಾತ್ರ ಬಾಯಿ ತುಂಬ ನಕ್ಕಳು. “ಬರ್ರಿ ಬೀಗತೇರ. ದಿನಾ ಹೊಸಾ ನೀರು ಇಡ್ತೇವ್ರಿ. ಅಷ್ಟು ದೂರದಿಂದ ನಡಕೋತ ಬರತೈತಿ, ಕಾಲರ ತೊಳಕೋಬೇಕಲ್ರಿ ಅದು.”

ಪಾರವ್ವ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋಗಿ, “ನಡಿ ಯವ್ವಾ, ಕೆಳಗ ಹೋಗೂಣು,” ಎಂದೆ.

“ಯಾಕ ಬೇ?”

“ಅದು ತಡಾ ಆಗಬಹುದು.”

“ಆಗಲೇಳು. ನೀನ ಸಹಿ ಮಾಡೀಯಲ್ಲ. ನಿನ್ನ ಸಹಿ ಸುಳ್ಳಾಗತೈತೇನು? ಊರಾಗ ಎಲ್ಲಾರೂ ನನಗ ಫಕೀರವ್ವನ ಮಗಳು ಅಂತ ಕೂಡಾಕ ಮಣಿ ಕೊಡಾಕತ್ತಾರ.”

ಅಷ್ಟರಲ್ಲಿ ಒಬ್ಬಳು ವಯಸ್ಸಾದ ಹೆಂಗಸು ಒಂದು ತಂಬಿಗೆ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟಳು. ಹೋದ ವರ್ಷ ದಾರಿಯಲ್ಲಿ ಸತ್ತವಳು ಅವಳ ಮಗಳಂತೆ. ತಂಬಿಗೆ ಕೊಟ್ಟವಳು ನನ್ನ ಕೈ ಬಿಡಲಿಲ್ಲ. “ಈ ಕೈಲೆ ಬರದು ಕಳಿಸೀರಿ ತಾಯಿ. ನನ್ನ ಮಗಳಿಗೆ ಸಿಗಲಿಲ್ಲ, ನಿಮ್ಮ ಮಗಳಿಗರ ಸಿಗಲಿ,” ಎಂದಳು.

ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ, ಇನ್ನು ಮುಂದೆಯೂ ಆಗುವುದು ಬೇಡ. ತಂಬಿಗೆ ಕೆಳಗಿಟ್ಟು, ಸಾರಿಸಿದ ನೆಲದ ನಡುವೆ ನಿಂತು ಹೇಳಿಬಿಟ್ಟೆ. ಆಸ್ಪತ್ರೆ ಬರುವುದಿಲ್ಲ, ಅದು ಹೊರಟೇ ಇಲ್ಲ, ಕಟ್ಟಿಯೇ ಇಲ್ಲ. ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ. ನಾನು ಅದಕ್ಕೆ ಬಳೆಚೂರು ಒತ್ತಿಲ್ಲ, ಒತ್ತಲು ಗೋಡೆಯೇ ಇರಲಿಲ್ಲ. ನನ್ನ ನೌಕರಿ ಕಾಯಂ ಆಗಲಿ ಎಂದು ಸಹಿ ಮಾಡಿದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ದಿಕ್ಕಿಗೆ ಜಗಳವಾಡುತ್ತಿದ್ದ ಮುದುಕಿಯರು ಬಾಯಿ ಮುಚ್ಚಿದರು. ಕಲ್ಲವ್ವ ಹೋಗಿ ಆ ಕೊಡವನ್ನು ಎತ್ತಿಕೊಂಡು ಬಂದು, ಇಡೀ ನೀರನ್ನು ನನ್ನ ಕಾಲಿನ ಮೇಲೆ ಸುರಿದಳು. “ತೊಳಕೋರಿ. ಬಂದಾಕಿ ನೀವ ಒಬ್ಬಾಕಿ,” ಎಂದಳು.

ಪಾರವ್ವ ಎದ್ದು ಒಳಗೆ ಹೋಗಿ ಬಟ್ಟೆಯ ಗಂಟು ತಂದಳು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಕಿ ಮೇಲೆ ಕೌದಿ ಹಾಸಿದರು. ಪಾರವ್ವನ ಒಂದು ಪಕ್ಕದಲ್ಲಿ ಕಲ್ಲವ್ವ, ಇನ್ನೊಂದು ಪಕ್ಕದಲ್ಲಿ ಎಸ್ತರ್. ಜೊತೆಗೆ ಇನ್ನಿಬ್ಬರು ಹೆಂಗಸರು. ನಾನು ಹಿಂದಿನ ಮೂಲೆಯಲ್ಲಿ ಕೂತೆ. ನನ್ನ ಮಗಳು ನನ್ನ ಕಡೆ ತಿರುಗಿ ನೋಡಲಿಲ್ಲ.

ಅರ್ಧ ದಾರಿಗೆ ಬೋಳುಬಂಡೆ ಎಂಬ ಜಾಗ ಬರುತ್ತದೆ. ಮೈಲಿಗಟ್ಟಲೆ ಬರಿಯ ಬಂಡೆ, ಒಂದು ಗಿಡವಿಲ್ಲ. ಸೂರ್ಯ ನೆತ್ತಿಗೆ ಬಂದಿದ್ದ. ಮೊದಲ ಇಳಿಜಾರಿನ ಕುಲುಕಾಟಕ್ಕೇ ಪಾರವ್ವನಿಗೆ ನೋವು ಶುರುವಾಗಿತ್ತು. ಎಸ್ತರ್ ಸೀರೆ ಸರಿಸಿ ನೋಡಿ, “ನಿಲ್ಲಸ್ರಿ! ಇಲ್ಲಿಂದ ಮುಂದಕ್ಕ ಒಂದು ಹೆಜ್ಜಿನೂ ಆಗೂದಿಲ್ಲ. ಇಲ್ಲೇ ಆಗಬೇಕು,” ಎಂದು ಕೂಗಿದಳು. ಎಲ್ಲಿ ಆಗಬೇಕು? ಟ್ರೇಲರಿನ ತಗಡು ಕೈ ಇಟ್ಟರೆ ಸುಡುತ್ತಿತ್ತು. ಬಂಡೆಯ ಮೇಲೆ ಕಾಲಿಟ್ಟ ಹೆಂಗಸರು ಕಾಲು ಕುಣಿಸುತ್ತಿದ್ದರು. ಪಾರವ್ವನ ತುಟಿ ಬೆಳ್ಳಗಾಗಿತ್ತು. ಇಂಥದೇ ಬಿಸಿಲಿನಲ್ಲಿ ಅವಳಪ್ಪ ಬಿದ್ದದ್ದು ನನಗೆ ನೆನಪಾಯಿತು. ಮಗಳೂ ಹಾಗೆಯೇ ಹೋಗುತ್ತಾಳೆ, ನನ್ನ ಸಹಿಯಿಂದಲೇ ಹೋಗುತ್ತಾಳೆ ಅನ್ನಿಸಿತು.

ಟ್ರ್ಯಾಕ್ಟರಿನವನು ನೆರಳು ಹುಡುಕಲು ತಿರುವಿನ ತನಕ ಓಡಿದ್ದ. ಅಲ್ಲಿಂದಲೇ ಕೂಗಿದ: “ಅಕ್ಕಾರ! ನಿಮ್ಮ ಕಮಾನು ಇಲ್ಲೈತಲ್ರೀ!”

ಇತ್ತು. ದಾರಿಗೆ ಅಡ್ಡಲಾಗಿ, ಎರಡು ಕಾಲು ಅಗಲಿಸಿಕೊಂಡು ನಿಂತಿತ್ತು. ನಾವು ಬೆಳಿಗ್ಗೆ ಹೋಗುವಾಗ ಅದು ಅಲ್ಲಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಿನ್ನೆ ತಾನೆ ಅದನ್ನು ಕೆಳಗಿನ ಊರಿನ ಒಂದು ತಿಪ್ಪೆಯಲ್ಲಿ ಕಂಡು ರಿಜಿಸ್ಟರಿನಲ್ಲಿ ಬರೆದಿದ್ದೆ. ನಿಯಮದ ಪ್ರಕಾರ ಇನ್ನೂ ಒಂಬತ್ತು ದಿನ ಅದು ಅಲ್ಲೇ ಇರಬೇಕಿತ್ತು. ಕಂಬದ ಬುಡಕ್ಕೆ ತಿಪ್ಪೆಯ ಸಗಣಿ ಇನ್ನೂ ಹಸಿಯಾಗಿಯೇ ಮೆತ್ತಿತ್ತು. ಆ ಅಗಲವಾದ ಸ್ಲ್ಯಾಬಿನ ಕೆಳಗೆ ಒಂದು ಕೋಣೆಯಷ್ಟು ನೆರಳು.

ಪಾರವ್ವನನ್ನು ಕೌದಿಯ ಸಮೇತ ಎತ್ತಿಕೊಂಡು ಹೋದೆವು. ಕಲ್ಲವ್ವ ಹಿಂದೆ ಮುಂದೆ ನೋಡದೆ ಉಟ್ಟ ಸೀರೆ ಬಿಚ್ಚಿ ಕಂಬದಿಂದ ಕಂಬಕ್ಕೆ ಒಂದು ಕಡೆ ಕಟ್ಟಿದಳು. ಇನ್ನೊಂದು ಕಡೆಗೆ ನಾನು ನನ್ನದನ್ನು ಕಟ್ಟಿದೆ. ಇಬ್ಬರು ಬೀಗತಿಯರು ಲಂಗದ ಮೇಲೆ ನಿಂತಿದ್ದೆವು. ಟ್ರ್ಯಾಕ್ಟರಿನವನು ಮರ್ಯಾದಸ್ಥ, ತಿರುವಿನ ಆಚೆ ಹೋಗಿ ಬಂಡೆಯ ಕಡೆ ಮುಖ ಮಾಡಿ ಕೂತ. ಎಸ್ತರ್ ಕೆಲಸಕ್ಕೆ ಇಳಿದಳು. ಸ್ವೆಟರ್ ಹೆಣೆಯುತ್ತಿದ್ದ ಹೆಂಗಸು ಇವಳೇ ಏನು ಅನ್ನಿಸಿತು. ಯಾರನ್ನೂ ಅಳಲು ಬಿಡಲಿಲ್ಲ, ಎಲ್ಲರನ್ನೂ ಬೈದಳು.

ಮಗು ಹೊರಗೆ ಬಂತು, ಅಳಲಿಲ್ಲ. ಎಸ್ತರ್ ಬೆನ್ನು ತಿಕ್ಕಿದಳು, ಅಂಗಾಲಿಗೆ ಬಡಿದಳು, ಬಾಯಿ ಒರೆಸಿದಳು. ನಾನು ಕಂಬವನ್ನು ತಬ್ಬಿ ಹಿಡಿದು ಕುಸಿದು ಕೂತೆ. ಮೊಳಕಾಲೆತ್ತರದಲ್ಲಿ ಏನೋ ಕೈಗೆ ಚುಚ್ಚಿತು. ಬಳೆಚೂರು. ನನ್ನ ಡಬ್ಬಿಯದಲ್ಲ, ಅದಕ್ಕಿಂತ ಹಳೆಯದು, ಕೆಂಪು ಬಣ್ಣದ್ದು. ಅವರು ಒತ್ತಿದ್ದು. ಮದುವೆಯಾದ ಹೊಸದರಲ್ಲಿ ನನ್ನ ಒಡೆದ ಬಳೆಗಳನ್ನು ಯಾಕೆ ಜೇಬಿಗೆ ಹಾಕಿಕೊಳ್ಳುತ್ತಾರೆ ಎಂದು ನಾನು ಜಗಳವಾಡುತ್ತಿದ್ದೆ. ಅದರ ಮೇಲೆ ಬೆರಳಿಟ್ಟು ಬೇಡಿಕೊಂಡೆ. ದೇವರನ್ನೋ ಅವರನ್ನೋ ಕಮಾನನ್ನೋ, ನನಗೇ ಗೊತ್ತಿಲ್ಲ.

ಮಗು ಅತ್ತಿತು. ಇಡೀ ಬೋಳುಬಂಡೆಗೆ ಕೇಳುವ ಹಾಗೆ ಅತ್ತಿತು. ಹೆಣ್ಣು.

ಎಸ್ತರ್ ಕೈ ಒರೆಸಿಕೊಂಡು ಹೊರಗೆ ಬಂದು ಮೇಲೆ ನೋಡಿ ನಗತೊಡಗಿದಳು. ಕಲ್ಲವ್ವನಿಗೆ ಓದಲು ಬಾರದು, ಏನು ಬರೆದಿದೆ ಎಂದು ಕೇಳಿದಳು. ಎಸ್ತರ್ ಓದಿ ಹೇಳಿದಳು. ಕಲ್ಲವ್ವ ಮಗುವನ್ನು ಎತ್ತಿ ಅಕ್ಷರಗಳಿಗೆ ತೋರಿಸಿ, “ನೋಡಬೇ, ಸರಕಾರ ನಿನಗ ಬಾ ಅಂತೈತಿ,” ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ನಗಲಿಲ್ಲ, ಆದರೆ ಮಗುವನ್ನು ನನ್ನ ಕೈಗೆ ಕೊಟ್ಟಳು.

ಪಾರವ್ವ ಅಷ್ಟು ಹೊತ್ತಿಗೆ ಮೊದಲ ಸಲ ನನ್ನನ್ನು ಮಾತಾಡಿಸಿದಳು. “ಅವ್ವಾ, ಇದಕ್ಕರ ಬಳಿ ಒತ್ತೀಯೇನು?”

“ನಿಮ್ಮಪ್ಪ ಒತ್ಯಾನ ಯವ್ವಾ,” ಎಂದೆ. ಅವಳು ಕಣ್ಣು ಮುಚ್ಚಿ ಮಲಗಿದಳು.

ಮರುದಿನ ಕಚೇರಿಗೆ ಹೋಗಿ ರಿಜಿಸ್ಟರ್ ತೆಗೆದು ಕೆಂಪು ಶಾಯಿಯಲ್ಲಿ ಮೂರು ಸಾಲು ಹೊಡೆದುಹಾಕಿದೆ. ಈಜುಕೊಳ, ವಾಚನಾಲಯ, ಹೆರಿಗೆ ಆಸ್ಪತ್ರೆ. ಪಕ್ಕದಲ್ಲಿ ‘ಇವು ಎಲ್ಲಿಗೂ ಹೋಗಿಲ್ಲ, ಇವನ್ನು ಕಟ್ಟಿಲ್ಲ, ನಾನು ಸುಳ್ಳು ಸಹಿ ಮಾಡಿದ್ದೇನೆ’ ಎಂದು ಬರೆದು ಈ ಸಲ ನಿಜವಾದ ಸಹಿ ಮಾಡಿದೆ. ಹಂಪಣ್ಣನವರು ನೋಡಿ ಸ್ವೆಟರಿನೊಳಗೆ ಇನ್ನಷ್ಟು ಬೆವರಿದರು.

“ಏನ ಮಾಡಿದಿ ಫಕೀರವ್ವಾ? ಎದ್ದು ಹೋಗೈತಿ ಅಂತ ಬರದದ್ದನ್ನ ಯಾರರ ಹೊಡೀತಾರೇನು? ನಾವು ಮಾದರಿ ಊರಲ್ಲೇನು?”

“ಮಾದರಿನ ಅದೇವ್ರಿ. ಏನರ ಕಟ್ಟೂಣ್ರಿ ಈಗ,” ಎಂದೆ.

ಅವರು ನನ್ನ ಕಾಯಂ ಆದೇಶವನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದರು. ಕೆಲಸದಿಂದ ತೆಗೆಯುವ ಕಾಗದವನ್ನೂ ಟೈಪು ಮಾಡಿಸುತ್ತಿದ್ದರು. ಅಷ್ಟರಲ್ಲಿ ಕಲ್ಲವ್ವ ಮೇಲುಗುಡ್ಡದ ನಲವತ್ತು ಹೆಂಗಸರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂತಳು. ಪ್ರತಿಯೊಬ್ಬಳ ಸೆರಗಿನ ತುದಿಯಲ್ಲೂ ಒಂದು ಬಳೆ ಕಟ್ಟಿತ್ತು. ಅವರು ಘೋಷಣೆ ಕೂಗಲಿಲ್ಲ. ಯಾರೇ ಹಾದುಹೋದರೂ ಎರಡೇ ಮಾತು ಕೇಳಿದರು: “ಸಿಮೆಂಟು ಯಾವಾಗ ಕಲಸ್ತೀರಿ? ನಾವು ಬಳಿ ಒತ್ತಬೇಕಲ್ರಿ.” ಮೂರು ದಿನ ಅಲ್ಲೇ ಅಡಿಗೆ ಮಾಡಿಕೊಂಡು ಉಂಡರು, ಕಚೇರಿಯವರಿಗೂ ಉಣಬಡಿಸಿದರು. ನಾಲ್ಕನೆಯ ದಿನ ಅಧ್ಯಕ್ಷರು ಹೆಂಡತಿಯ ತಮ್ಮನನ್ನು ಎಳೆದುಕೊಂಡು ಬಂದು, ಆಸ್ಪತ್ರೆ ಕಟ್ಟಿಸುತ್ತೇವೆ ಎಂದು ಒಪ್ಪಿದರು. ನನ್ನನ್ನು ತೆಗೆಯುವ ಕಾಗದ ಟೈಪಿನ ಯಂತ್ರದಲ್ಲೇ ಉಳಿಯಿತು.

ಕಟ್ಟಿದ್ದು ಜಾಲಿಕಂಟಿಯ ಹೊಲದಲ್ಲಲ್ಲ. ಬೋಳುಬಂಡೆಯಲ್ಲಿ, ಕಮಾನಿನ ಪಕ್ಕಕ್ಕೇ, ಮೇಲಿನವರಿಗೂ ಕೆಳಗಿನವರಿಗೂ ನಡುದಾರಿಯಲ್ಲಿ. ಕಲ್ಲು ಒಡೆಯುವವರ ಕಣ್ಣು ತಪ್ಪಿಸಿ ಗೋಡೆ ಕಟ್ಟುವುದು ಸುಲಭದ ಮಾತಲ್ಲ. ದಿನಕ್ಕೆ ಇಬ್ಬರು ಹೆಂಗಸರು ಸರದಿಯ ಮೇಲೆ ಬಂದು ಕೂರುತ್ತಿದ್ದರು. ಮರಳನ್ನು ಬಾಯಿಗೆ ಹಾಕಿಕೊಂಡು ಇದರಲ್ಲಿ ಮಣ್ಣಿದೆ ಎಂದು ಉಗುಳುತ್ತಿದ್ದರು. ಗುತ್ತಿಗೆದಾರನಿಗೆ ಆ ಆರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಬಂತು. ಗೋಡೆಯ ಸುತ್ತ ಮೊಳಕಾಲೆತ್ತರದಲ್ಲಿ ನಲವತ್ತು ಬಳೆಗಳಿವೆ, ಜೊತೆಗೆ ಇನ್ನೊಂದು ತೀರ ಸಣ್ಣದು, ಕರಿಯದು, ನನ್ನ ಮೊಮ್ಮಗಳದು. ಎಸ್ತರ್ ಈಗ ಅಲ್ಲೇ ಇದ್ದಾಳೆ. ಸ್ವೆಟರಿಗೆ ಪುರುಸೊತ್ತಿಲ್ಲ ಎನ್ನುತ್ತಾಳೆ.

ರಾಜಧಾನಿಯ ಸಾಹೇಬರು ಮತ್ತೆ ಬಂದರು. ಆಸ್ಪತ್ರೆ ಕಟ್ಟಿ ಐದು ತಿಂಗಳಾದರೂ ಅಲ್ಲಾಡದೆ ನಿಂತಿರುವುದನ್ನು ನೋಡಿ ಅವರಿಗೆ ಬೇಜಾರಾಯಿತು. “ಇದು ಎದ್ದು ಹೋಗೋದಿಲ್ವೇನಮ್ಮ?” ಎಂದು ಕೇಳಿದರು.

“ಬೇಕಾದಲ್ಲೇ ಕಟ್ಟಿದ್ರ ಯಾಕ ಎದ್ದು ಹೋಗತೈತ್ರಿ?”

ಅವರು ಬರೆದುಕೊಳ್ಳಲಿಲ್ಲ. ಈ ಸಲ ನಾನು ಪೆನ್ನು ಹಿಡಿದ ಅವರ ಕೈಯನ್ನೇ ದಿಟ್ಟಿಸಿ ನೋಡುತ್ತ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಬರೆದುಕೊಂಡರು. ಆಮೇಲೆ, ಅಂದ ಹಾಗೆ ಈಜುಕೊಳ ಎಲ್ಲಿದೆ ಎಂದು ಕೇಳಿದರು. ಹಂಪಣ್ಣನವರನ್ನು ಕೇಳಿ ಎಂದು ಕಳಿಸಿದೆ.

ಮೊಮ್ಮಗಳ ಜನನ ಪತ್ರಕ್ಕೆ ಹೋದಾಗ ಒಂದು ತಕರಾರು ಬಂತು. ಹುಟ್ಟಿದ ಸ್ಥಳ ಸುಸ್ವಾಗತ ಕಮಾನಿನ ಕೆಳಗೆ ಎಂದು ಬರೆಸಿದೆ. ದಾಖಲೆಯಲ್ಲಿ ಕಮಾನು ಕಟ್ಟಿದ ಜಾಗ ಬಸ್ ನಿಲ್ದಾಣ. ಆದ್ದರಿಂದ ಮಗು ಬಸ್ ನಿಲ್ದಾಣದಲ್ಲೇ ಹುಟ್ಟಿದೆ ಎಂದರು. ನಾನು ರಿಜಿಸ್ಟರ್ ಒಯ್ದು ತೋರಿಸಿದೆ, ಜಗಳವಾಡಿದೆ, ತಿದ್ದಿಸಿದೆ. ಸುಳ್ಳು ಬರೆಯುವುದಕ್ಕಿಂತ ನಿಜ ಬರೆಸುವುದಕ್ಕೆ ಹೆಚ್ಚು ದಿನ ಬೇಕಾಯಿತು.

ಈಗಲೂ ಹನ್ನೆರಡು ದಿನಕ್ಕೊಮ್ಮೆ ಬೋಳುಬಂಡೆಗೆ ಹೋಗಿ ಬರುತ್ತೇನೆ. ಕಮಾನಿನ ಕೆಳಗೆ ಬಸುರಿಯರು ಸಾಲಾಗಿ ಕೂತಿರುತ್ತಾರೆ, ಕಂಬಕ್ಕೆ ಯಾರೋ ಜೋಲಿ ಕಟ್ಟಿರುತ್ತಾರೆ. ಕೆಂಪು ಬಳೆಚೂರನ್ನು ಒಮ್ಮೆ ಮುಟ್ಟಿ, ರಿಜಿಸ್ಟರಿನಲ್ಲಿ ‘ಅಲ್ಲೇ ಇದೆ’ ಎಂದು ಬರೆದು ಸಹಿ ಮಾಡುತ್ತೇನೆ. ನನ್ನ ಆದೇಶ ಹಂಪಣ್ಣನವರ ಖಾನೆಯಲ್ಲೇ ಇದೆ. ಹೋದ ತಿಂಗಳೂ ಒಂದು ದಿನ ಕೆಲಸದಿಂದ ತೆಗೆದು ಮರುದಿನ ಮತ್ತೆ ತೆಗೆದುಕೊಂಡರು. ಆ ದಿನ ಮಗಳ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದೆ. ನಾನು ಇವತ್ತಿಗೂ ಹಂಗಾಮಿ. ಕಮಾನು ಮಾತ್ರ ಕಾಯಂ ಆಯಿತು.